ಒಂದು ಕಾರಿನ ಚಾವಿಗೆ ಇನ್ನೊಂದು ಕಾರು ತೆರೆಯುತ್ತದೆಯೇ?

ಕಲಬುರಗಿಯ ಸೇಡಂ ರಸ್ತೆಯ ಫಂಕ್ಷನ್ ಹಾಲ್ ಒಂದರಲ್ಲಿ ಮದುವೆ. ಊಟ ಮುಗಿಸಿ ಹೊರಗೆ ಬಂದ ಜೇವರ್ಗಿ ಕಡೆಯ ಹಿರಿಯರೊಬ್ಬರು ಬಿಳಿ ಓಮ್ನಿಯ ಬಾಗಿಲಿಗೆ ಚಾವಿ ಹಾಕಿ ತಿರುಗಿಸಿದರು. ಬಾಗಿಲು ತೆರೆಯಿತು. ಒಳಗೆ ಕೂತು ನೋಡಿದರೆ ಡ್ಯಾಶ್‌ಬೋರ್ಡ್ ಮೇಲೆ ತಾವು ಅಂಟಿಸಿದ್ದ ಶರಣಬಸವೇಶ್ವರರ ಫೋಟೋ ಇಲ್ಲ, ಗಾಣಗಾಪುರದ ದತ್ತಾತ್ರೇಯನ ಫೋಟೋ ಇದೆ. ಇಳಿಯುವಷ್ಟರಲ್ಲಿ ಗಾಡಿಯ ಮಾಲಕನೇ ಎದುರು ನಿಂತಿದ್ದ. “ಯಜಮಾನ್ರ, ನಮ್ ಗಾಡ್ಯಾಗ ಏನ್ ಮಾಡ್ಲತ್ತೀರಿ?” ಎಂದ. “ಚಾವಿ ಹಾಕಿದ್ ಕೂಡ್ಲೇ ತೆರೀತಪ್ಪಾ, ನಂದೇ ಗಾಡಿ ಅಂತ ತಿಳಕೊಂಡೆ” ಎಂದರು ಹಿರಿಯರು. ಸುತ್ತ ಸೇರಿದವರು ನಂಬಲಿಲ್ಲ. ಒಂದರ ಚಾವಿ ಇನ್ನೊಂದಕ್ಕೆ ಹೇಗೆ ಬರುತ್ತದೆ, ಡುಪ್ಲಿಕೇಟ್ ಮಾಡಿಸಿಕೊಂಡೇ ಬಂದಿರಬೇಕು ಎಂದರು. ಅವರ ಸ್ವಂತ ಓಮ್ನಿ ಎರಡು ಗಾಡಿ ಆಚೆಗೆ ನಿಂತಿದ್ದು ಯಾರದೋ ಕಣ್ಣಿಗೆ ಬೀಳುವ ತನಕ ಆ ಮನುಷ್ಯ ಅಷ್ಟು ಜನರ ನಡುವೆ ತಲೆ ತಗ್ಗಿಸಿ ನಿಲ್ಲಬೇಕಾಯಿತು.

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಒಂದು ಕಾರಿನ ಚಾವಿಗೆ ಅದೇ ಮಾದರಿಯ ಇನ್ನೊಂದು ಕಾರಿನ ಬಾಗಿಲು ತೆರೆಯುವುದು ಸಾಧ್ಯ. ಹಳೆಯ ಗಾಡಿಗಳಲ್ಲಿ ಅದು ಅಂಥ ಅಪರೂಪವೂ ಅಲ್ಲ. ಆದರೆ ಬಾಗಿಲು ತೆರೆಯುವುದು ಬೇರೆ, ಎಂಜಿನ್ ಚಾಲೂ ಆಗುವುದು ಬೇರೆ. ಈ ಎರಡನ್ನೂ ಒಂದೇ ಎಂದುಕೊಳ್ಳುವುದರಿಂದ ಅರ್ಧ ಗೊಂದಲ ಹುಟ್ಟುತ್ತದೆ. ‘ಕಾರಿನ ಚಾವಿ’ ಎಂದು ನಾವು ಕೈಯಲ್ಲಿ ಹಿಡಿಯುವ ವಸ್ತುವಿನಲ್ಲಿ ಇವತ್ತು ಮೂರು ಬೇರೆ ಬೇರೆ ಚಾವಿಗಳಿರಬಹುದು: ಹಲ್ಲು ಕೊರೆದ ಲೋಹದ ಪಟ್ಟಿ, ತಲೆಯೊಳಗೆ ಹುದುಗಿದ ಚಿಪ್, ಗುಂಡಿ ಒತ್ತಿದರೆ ಕೆಲಸ ಮಾಡುವ ರಿಮೋಟ್. ಮೂರರ ಭದ್ರತೆಯೂ ಒಂದೇ ಮಟ್ಟದ್ದಲ್ಲ. ಎಲ್ಲಕ್ಕಿಂತ ದುರ್ಬಲವಾದದ್ದು ನಾವು ಶತಮಾನದಿಂದ ನಂಬಿಕೊಂಡು ಬಂದ ಲೋಹದ ಪಟ್ಟಿಯೇ.

ಲಾಕ್‌ನ ಹೊಟ್ಟೆಯಲ್ಲಿ ಏನಿದೆ

ಸೂಪರ್ ಮಾರ್ಕೆಟ್ ಕಡೆ ರಸ್ತೆ ಬದಿಗೆ ಪೆಟ್ಟಿಗೆ ಇಟ್ಟುಕೊಂಡು ಚಾವಿ ಮಾಡುವವರ ಹತ್ತಿರ ಸ್ವಲ್ಪ ಹೊತ್ತು ನಿಂತರೆ ಈ ವಿದ್ಯೆಯ ಮುಖ್ಯ ಪಾಠ ಕಣ್ಣೆದುರೇ ಸಿಗುತ್ತದೆ. ಅಂಥ ಒಬ್ಬ ಚಾಚಾ ಹಳೆಯ ಮಾರುತಿಯ ಬಾಗಿಲಿನ ಲಾಕ್ ಬಿಚ್ಚಿ ಒಳಗಿನದನ್ನು ಬಟ್ಟೆಯ ಮೇಲೆ ಹರಡಿದರು. ಹೆಬ್ಬೆರಳಿನಷ್ಟು ಉದ್ದದ ಒಂದು ಉರುಳೆ. ಅದರಲ್ಲಿ ಅಡ್ಡಕ್ಕೆ ಸಾಲಾಗಿ ಸೀಳುಗಳು. ಪ್ರತಿ ಸೀಳಿನಲ್ಲಿ ಒಂದೊಂದು ಹಿತ್ತಾಳೆಯ ಪತ್ತಿ, ಪ್ರತಿ ಪತ್ತಿಗೆ ಕೂದಲಿನಷ್ಟು ತೆಳ್ಳಗಿನ ಒಂದು ಸ್ಪ್ರಿಂಗ್. ಬೆರಳ ಉಗುರಿಗಿಂತ ಚಿಕ್ಕದಾದ ಆ ಪತ್ತಿಯ ನಡುವೆ ಚೌಕಾಕಾರದ ಕಿಂಡಿ. ಚಾವಿ ಈ ಕಿಂಡಿಗಳ ಮೂಲಕವೇ ಹಾದುಹೋಗುತ್ತದೆ. ಕಿಂಡಿ ಇರುವ ಎತ್ತರ ಮಾತ್ರ ಎಲ್ಲ ಪತ್ತಿಗಳಲ್ಲೂ ಒಂದೇ ಅಲ್ಲ: ಒಂದರಲ್ಲಿ ತುಸು ಮೇಲೆ, ಇನ್ನೊಂದರಲ್ಲಿ ತುಸು ಕೆಳಗೆ.

ಚಾವಿ ಇಲ್ಲದಾಗ ಸ್ಪ್ರಿಂಗ್ ಪತ್ತಿಯನ್ನು ಉರುಳೆಯಿಂದ ಹೊರಕ್ಕೆ ನೂಕಿರುತ್ತದೆ. ಹೊರಬಂದ ಅಂಚು ಸುತ್ತಲಿನ ಕವಚದ ತೋಡಿನಲ್ಲಿ ಸಿಕ್ಕಿಕೊಳ್ಳುವುದರಿಂದ ಉರುಳೆ ತಿರುಗುವುದಿಲ್ಲ. ಸರಿಯಾದ ಚಾವಿ ಒಳಗೆ ಹೋದಾಗ ಅದರ ಒಂದೊಂದು ತಗ್ಗೂ ಒಂದೊಂದು ಪತ್ತಿಯನ್ನು ಎಷ್ಟು ಬೇಕೋ ಅಷ್ಟೇ ಎಳೆದು, ಎಲ್ಲ ಪತ್ತಿಗಳ ಅಂಚನ್ನೂ ಉರುಳೆಯ ಮೈಗೆ ಸಮ ಮಾಡುತ್ತದೆ. ಆಗ ಉರುಳೆ ತಿರುಗುತ್ತದೆ. ಯಾವುದಾದರೂ ಒಂದು ಪತ್ತಿ ಕಡಿಮೆ ಸರಿದರೆ ಈ ಕಡೆ ಸಿಕ್ಕಿಕೊಳ್ಳುತ್ತದೆ, ಹೆಚ್ಚು ಸರಿದರೆ ಆ ಕಡೆ. ಮನೆಯ ಬಾಗಿಲಿನ ಎಷ್ಟೋ ಲಾಕ್‌ಗಳಲ್ಲಿ ಪತ್ತಿಯ ಬದಲು ಎರಡು ತುಂಡಾದ ಗೂಟಗಳಿರುತ್ತವೆ. ಕಾರಿಗೆ ಪತ್ತಿಯನ್ನೇ ಹೆಚ್ಚಾಗಿ ಬಳಸುತ್ತಾರೆ. ಅದು ಅಗ್ಗ, ಚಿಕ್ಕ ಜಾಗದಲ್ಲಿ ಕೂರುತ್ತದೆ, ಗಾಡಿಯ ಕುಲುಕಾಟ ತಡೆಯುತ್ತದೆ, ಚಾವಿಯನ್ನು ಎರಡೂ ಮಗ್ಗುಲಿಂದ ಹಾಕಬಹುದು.

ಚಾಚಾ ಎರಡು ಪತ್ತಿಗಳನ್ನು ಪಕ್ಕಪಕ್ಕ ಹಿಡಿದು ತೋರಿಸಿದರು. “ಇವು ಬ್ಯಾರೆ ಬ್ಯಾರೆ ನಂಬರಿನವು ನೋಡ್ರಿ ಸರ. ಹೊಸದಿದ್ದಾಗ ಫರಕ್ ಕಣ್ಣಿಗೆ ಕಾಣ್ತಿತ್ತು. ಈಗ ಸವದು ಸವದು ಎರಡೂ ಒಂದೇ ನಮೂನಿ ಆಗ್ಯಾವ.” ನಿಜಕ್ಕೂ ಕಿಂಡಿಯ ಮೂಲೆಗಳು ದುಂಡಗಾಗಿದ್ದವು, ಚಾವಿ ಉಜ್ಜುವ ಅಂಚು ಕನ್ನಡಿಯಂತೆ ನುಣುಪಾಗಿತ್ತು. ಒಂದು ಆಳಕ್ಕೂ ಅದರ ಮುಂದಿನ ಆಳಕ್ಕೂ ಕಾರ್ಖಾನೆ ಇಡುವ ಅಂತರವೇ ಸುಮಾರು ಅರ್ಧ ಮಿಲಿಮೀಟರ್. ಅಷ್ಟು ಸಣ್ಣ ಅಂತರವನ್ನು ವರ್ಷಗಟ್ಟಲೆ ಉಜ್ಜಿದರೆ ಏನು ಉಳಿದೀತು? ಈ ಸವೆತದ ವಿಷಯಕ್ಕೆ ಮತ್ತೆ ಬರುತ್ತೇನೆ. ಅದಕ್ಕೂ ಮೊದಲು ಹೊಸ ಲಾಕ್‌ನ ಲೆಕ್ಕ ನೋಡಬೇಕು, ಯಾಕೆಂದರೆ ಹೊಸ ಲಾಕ್‌ಗಳೂ ಒಂದಕ್ಕೊಂದು ಪೂರ್ತಿ ಬೇರೆಯಲ್ಲ.

ಎಷ್ಟು ಬಗೆಯ ಚಾವಿ ಸಾಧ್ಯ

ಒಂದು ಚಾವಿಯಲ್ಲಿ ಎಂಟು ಜಾಗ, ಪ್ರತಿ ಜಾಗದಲ್ಲಿ ನಾಲ್ಕು ಬಗೆಯ ಆಳ ಎಂದುಕೊಳ್ಳೋಣ. ನಾಲ್ಕನ್ನು ಎಂಟು ಸಲ ಗುಣಿಸಿದರೆ 65,536. ಕೇಳಲು ದೊಡ್ಡ ಸಂಖ್ಯೆ. ಆದರೆ 1983ರ ಡಿಸೆಂಬರ್‌ನಲ್ಲಿ ರಸ್ತೆಗೆ ಬಂದು 2014ರಲ್ಲಿ ತಯಾರಿಕೆ ನಿಂತ ಮಾರುತಿ 800 ಒಂದೇ ನಮ್ಮ ದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು ಮಾರಾಟವಾಗಿದೆ. ಅಷ್ಟೂ ಕಾರಿಗೆ ಈ ಒಂದೇ ಬಗೆಯ ಲಾಕ್ ಹಾಕಿದ್ದರೆ, 65,536 ಸಂಯೋಜನೆಗಳನ್ನೂ ಪೂರ್ತಿ ಬಳಸಿಕೊಂಡರೂ, ಒಂದೊಂದು ಚಾವಿಗೆ ಮೂವತ್ತೆಂಟು ಕಾರುಗಳು ಪಾಲಿಗೆ ಬರುತ್ತಿದ್ದವು.

ಪೂರ್ತಿ ಬಳಸುವುದಂತೂ ಸಾಧ್ಯವಿಲ್ಲ. ಎಂಟೂ ಜಾಗದಲ್ಲಿ ಒಂದೇ ಆಳವಿದ್ದರೆ ಅದು ಹೆಚ್ಚುಕಡಿಮೆ ಬರಿಯ ಪಟ್ಟಿ, ಯಾವ ಕಬ್ಬಿಣದ ತುಂಡಿಗೂ ತೆರೆಯುತ್ತದೆ. ಹಾಗಾಗಿ ಅಂಥವನ್ನು ಬಿಡಬೇಕು. ತೀರಾ ಆಳದ ತಗ್ಗಿನ ಪಕ್ಕಕ್ಕೇ ತೀರಾ ಎತ್ತರದ ಹಲ್ಲು ಬಂದರೆ ಇಳಿಜಾರು ಕಡಿದಾಗಿ ಚಾವಿ ಒಳಗೆ ಜಾರುವುದೇ ಇಲ್ಲ. ಅವನ್ನೂ ಬಿಡಬೇಕು. ಒಂದಕ್ಕೊಂದು ತೀರಾ ಹತ್ತಿರವಾದ ಸಂಯೋಜನೆಗಳನ್ನೂ ಕೈಬಿಟ್ಟರೆ ಒಳ್ಳೆಯದು. ಇದರ ಮೇಲೆ ತಯಾರಕರ ಅನುಕೂಲ ಬೇರೆ ಇದೆ. ಪ್ರತಿ ಚಾವಿಗೂ ಒಂದು ಸಂಕೇತ ಸಂಖ್ಯೆ ಕೊಡಬೇಕು, ಕಳೆದರೆ ಆ ಸಂಖ್ಯೆಯಿಂದ ಹೊಸದು ಕೊರೆದು ಕೊಡಬೇಕು. ಇದನ್ನೆಲ್ಲ ಸಂಭಾಳಿಸಲು ಅವರು ಬಳಸುವ ಪಟ್ಟಿ ಸಾಮಾನ್ಯವಾಗಿ ಸಾವಿರದಿಂದ ಕೆಲವು ಸಾವಿರದಷ್ಟು. ಮೊದಲ ಕಾಲದಲ್ಲಿ ಇಷ್ಟೂ ಇರಲಿಲ್ಲ. ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರಿಗೆ ಇಗ್ನಿಷನ್ ಚಾವಿ ಬಂದಾಗ ಇದ್ದದ್ದು ಎರಡು ಡಜನ್ ಆಸುಪಾಸಿನ ಬಗೆಗಳು. ಊರಲ್ಲಿ ಒಂದು ಗೊಂಚಲು ಚಾವಿ ಇಟ್ಟುಕೊಂಡವನಿಗೆ ಯಾವ ಮಾಡೆಲ್ ಟಿ ಆದರೂ ಚಾಲೂ ಆಗುತ್ತಿತ್ತು.

ಈಗ ಆ ಫಂಕ್ಷನ್ ಹಾಲ್‌ನ ಲೆಕ್ಕಕ್ಕೆ ಬರೋಣ. ಒಂದು ಮಾದರಿಯ ಕಾರಿಗೆ ಸಾವಿರ ಬಗೆಯ ಚಾವಿ, ಹಾಲ್‌ನ ಅಂಗಳದಲ್ಲಿ ಅದೇ ಮಾದರಿಯ ನಲವತ್ತು ಕಾರು ಎಂದು ಹಿಡಿಯೋಣ. ನನ್ನ ಚಾವಿ ಪಕ್ಕದಲ್ಲೇ ನಿಂತ ಒಂದು ನಿರ್ದಿಷ್ಟ ಕಾರಿಗೆ ಹೊಂದುವ ಸಾಧ್ಯತೆ ಸಾವಿರಕ್ಕೆ ಒಂದು. ಉಳಿದ ಮೂವತ್ತೊಂಬತ್ತರಲ್ಲಿ ಯಾವುದಾದರೂ ಒಂದಕ್ಕೆ ಹೊಂದುವ ಸಾಧ್ಯತೆ ನೂರಕ್ಕೆ ಸುಮಾರು ನಾಲ್ಕು. ಆದರೆ ಆ ನಲವತ್ತರ ನಡುವೆ ಎಲ್ಲಾದರೂ ಒಂದು ಜೋಡಿಗೆ ಒಂದೇ ಚಾವಿ ಇರುವ ಸಾಧ್ಯತೆ ಎಷ್ಟು ಎಂದು ಕೇಳಿದರೆ ಉತ್ತರ ನೂರಕ್ಕೆ ಐವತ್ತಕ್ಕಿಂತ ಹೆಚ್ಚು. ನಲವತ್ತು ಕಾರುಗಳನ್ನು ಎರಡೆರಡಾಗಿ ಜೋಡಿಸಿದರೆ 780 ಜೋಡಿಗಳಾಗುತ್ತವೆ. ಪ್ರತಿ ಜೋಡಿಗೂ ಸಾವಿರದಲ್ಲಿ ಒಂದರ ಅವಕಾಶ ಇದ್ದೇ ಇದೆ. ಲೆಕ್ಕ ಬೆಳೆಯುವುದು ಹೀಗೆ.

ನನಗೆ ಇದು ಈ ಇಡೀ ವಿಷಯದಲ್ಲೇ ಅತಿ ಮುಖ್ಯವಾದ ಸಂಗತಿ ಅನಿಸುತ್ತದೆ. ‘ನನಗಂತೂ ಯಾವತ್ತೂ ಹೀಗಾಗಿಲ್ಲ’ ಎನ್ನುವವರ ಮಾತೂ ಸರಿ, ‘ನಮ್ಮ ಊರಲ್ಲಿ ಒಬ್ಬರಿಗೆ ಹೀಗಾಯಿತು’ ಎನ್ನುವವರ ಮಾತೂ ಸರಿ. ಒಬ್ಬನಿಗೆ ಆಗುವುದು ಅಪರೂಪ, ಎಲ್ಲೋ ಯಾರಿಗೋ ಆಗುವುದು ಸಹಜ. ಹಾಗಿದ್ದರೂ ದಿನಾ ಇಂಥ ಸುದ್ದಿ ಕೇಳುವುದಿಲ್ಲ ಏಕೆ? ಯಾರೂ ಬೇರೆಯವರ ಕಾರಿಗೆ ಚಾವಿ ಹಾಕಿ ನೋಡುವುದಿಲ್ಲ ಎಂಬುದೇ ಕಾರಣ. ಒಂದೇ ಚಾವಿಯ ಎರಡು ಕಾರು ಪಕ್ಕಪಕ್ಕ ನಿಂತು ಹೊರಟುಹೋದರೂ ಗೊತ್ತಾಗುವುದು ಯಾರಾದರೂ ತಪ್ಪಿ ಚಾವಿ ಹಾಕಿದಾಗ ಮಾತ್ರ. ಒಂದೇ ಬಣ್ಣ, ಒಂದೇ ಮಾದರಿ, ಕತ್ತಲು, ಅವಸರ ಇಷ್ಟೂ ಕೂಡಿದಾಗ ಆ ತಪ್ಪು ಆಗುತ್ತದೆ. ನಮ್ಮ ಬಿಸಿಲಿಗೆ ಬಿಳಿ ಕಾರೇ ಲೇಸು ಎಂದು ಹೆಚ್ಚಿನವರು ಅದನ್ನೇ ಕೊಳ್ಳುತ್ತಾರೆ, ನಂಬರ್ ಪ್ಲೇಟ್‌ಗಳೆಲ್ಲ ಕೆಎ 32ರಿಂದಲೇ ಶುರುವಾಗುತ್ತವೆ. ತಪ್ಪು ನಡೆಯಲು ಇನ್ನೇನು ಬೇಕು?

ಸವೆತ ಎಂಬ ದೊಡ್ಡ ಕಾರಣ

ಮೇಲಿನದೆಲ್ಲ ಹೊಸ ಲಾಕ್‌ಗೆ ಹೊಸ ಚಾವಿ ಹಾಕುವ ಲೆಕ್ಕ. ಹಳೆಯ ಗಾಡಿಯಲ್ಲಿ ಪರಿಸ್ಥಿತಿ ಪೂರ್ತಿ ಬೇರೆ. ಚಾವಿ ಹಾಕಿ ತೆಗೆಯುವಾಗಲೆಲ್ಲ ಲೋಹಕ್ಕೆ ಲೋಹ ಉಜ್ಜುತ್ತದೆ. ಚಾವಿಯ ಹಲ್ಲಿನ ತುದಿ ಮೊಂಡಾಗುತ್ತದೆ, ಪತ್ತಿಯ ಕಿಂಡಿ ದೊಡ್ಡದಾಗುತ್ತದೆ, ಉರುಳೆಗೂ ಕವಚಕ್ಕೂ ನಡುವಿನ ಸಂದು ಅಗಲವಾಗುತ್ತದೆ. ಹೊಸದರಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ತಿರುಗದ ಲಾಕ್, ಸವೆದ ಮೇಲೆ ಪಕ್ಕದ ಆಳದ ಚಾವಿಯನ್ನೂ ಒಪ್ಪಿಕೊಳ್ಳುತ್ತದೆ.

ಇದರ ಪರಿಣಾಮವನ್ನು ಅದೇ ಲೆಕ್ಕದಲ್ಲಿ ಹಾಕಿ ನೋಡಿ. ನಾಲ್ಕು ಆಳಗಳಲ್ಲಿ ಪಕ್ಕಪಕ್ಕದ ಎರಡೆರಡರ ಭೇದ ಅಳಿಸಿಹೋದರೆ ಉಳಿಯುವುದು ಎರಡೇ ಆಳ. ಎರಡನ್ನು ಎಂಟು ಸಲ ಗುಣಿಸಿದರೆ ಬರುವುದು 256. ಅರವತ್ತೈದು ಸಾವಿರ ಎಲ್ಲಿ, ಇನ್ನೂರೈವತ್ತಾರು ಎಲ್ಲಿ! ಎಲ್ಲ ಪತ್ತಿಗಳೂ ಒಂದೇ ಪ್ರಮಾಣದಲ್ಲಿ ಸವೆಯುವುದಿಲ್ಲವಾದ್ದರಿಂದ ವಾಸ್ತವ ಇಷ್ಟು ನೇರವಾಗಿರುವುದಿಲ್ಲ. ಆದರೆ ದಿಕ್ಕು ಇದೇ. ಕೆಲವು ಗಾಡಿಗಳಲ್ಲಿ ಒಂದೇ ಚಾವಿಯ ಎಲ್ಲ ತಗ್ಗುಗಳನ್ನೂ ಬಾಗಿಲಿನ ಲಾಕ್ ಓದುವುದೇ ಇಲ್ಲ. ಬಾಗಿಲಿಗೆ ಕೆಲವೇ ಪತ್ತಿ, ಇಗ್ನಿಷನ್‌ಗೆ ಹೆಚ್ಚು ಪತ್ತಿ ಇಟ್ಟಿರುತ್ತಾರೆ. ಬಾಗಿಲು ತೆರೆದ ಚಾವಿ ಇಗ್ನಿಷನ್‌ನಲ್ಲಿ ತಿರುಗದೆ ನಿಲ್ಲುವುದಕ್ಕೆ ಇದೂ ಒಂದು ಕಾರಣ.

ನಮ್ಮ ಭಾಗದ ಧೂಳು ಈ ಸವೆತಕ್ಕೆ ಕೈಗೂಡಿಸುತ್ತದೆ. ಶಹಾಬಾದ್ ಕಡೆಯ ಕಲ್ಲುಗಣಿಗಳ ಪುಡಿ, ವಾಡಿ ಮತ್ತು ಸೇಡಂ ಸುತ್ತಿನ ಸಿಮೆಂಟ್ ಕಾರ್ಖಾನೆಗಳ ಆಸುಪಾಸಿನ ಧೂಳು, ಬೇಸಿಗೆಯಲ್ಲಿ ಎರೆಹೊಲದಿಂದ ಏಳುವ ಮಣ್ಣು ಎಲ್ಲವೂ ಚಾವಿಯ ರಂಧ್ರಕ್ಕೆ ಇಳಿಯುತ್ತವೆ. ಲಾಕ್ ಬಿಗಿಯಾಯಿತೆಂದು ಅದರೊಳಗೆ ಅಡಿಗೆ ಎಣ್ಣೆಯನ್ನೋ ಗ್ರೀಸನ್ನೋ ಬಿಡುವವರು ಬಹಳ. ದಯವಿಟ್ಟು ಬಿಡಬೇಡಿ. ಎಣ್ಣೆಗೆ ಧೂಳು ಅಂಟಿ ಉಜ್ಜುವ ಲೇಪವಾಗುತ್ತದೆ, ಸ್ಪ್ರಿಂಗ್‌ಗಳು ಅದರಲ್ಲಿ ಸಿಕ್ಕಿ ಪತ್ತಿಗಳು ಒಳಗೇ ಕೂತುಬಿಡುತ್ತವೆ. ಪತ್ತಿ ಒಳಗೇ ಕೂತರೆ ಅದು ಕಾವಲು ಕಾಯುವುದನ್ನೇ ನಿಲ್ಲಿಸಿದಂತೆ, ಆ ಜಾಗದಲ್ಲಿ ಯಾವ ಹಲ್ಲಿದ್ದರೂ ನಡೆಯುತ್ತದೆ. ಚಾವಿ ಮಾಡುವವರು ಬಳಸುವುದು ಒಣ ಗ್ರ್ಯಾಫೈಟ್ ಪುಡಿ. ಅದೇ ಸರಿ.

ಡುಪ್ಲಿಕೇಟ್ ಮಾಡಿಸುವ ರೀತಿಯೂ ಸವೆತವನ್ನು ಹೆಚ್ಚಿಸುತ್ತದೆ. ಸವೆದ ಚಾವಿಯನ್ನು ಯಂತ್ರಕ್ಕೆ ಕಟ್ಟಿ ನಕಲು ತೆಗೆದರೆ ಹೊಸ ಚಾವಿ ಹುಟ್ಟುವಾಗಲೇ ಸವೆದಿರುತ್ತದೆ. ನಕಲಿನ ನಕಲು ಇನ್ನೂ ಮೊಂಡು. ಹೀಗೆ ಮೂಲೆಗಳು ಕರಗಿದ ಚಾವಿ ತನ್ನ ಕಾರಿನಲ್ಲಿ ಅಲ್ಲಾಡಿಸಿದರೆ ಮಾತ್ರ ತಿರುಗುತ್ತದೆ, ಅದೇ ಅಲ್ಲಾಟದಲ್ಲಿ ಬೇರೆ ಸವೆದ ಲಾಕನ್ನೂ ತಿರುಗಿಸಿಬಿಡಬಹುದು. ಹೊಸ ಕಾರು ಕೊಡುವಾಗ ಚಾವಿಯ ಜೊತೆ ಸಂಖ್ಯೆ ಕೆತ್ತಿದ ಚಿಕ್ಕ ಬಿಲ್ಲೆಯೊಂದು ಬರುತ್ತದಲ್ಲ, ಹೆಚ್ಚಿನವರು ಎಲ್ಲೋ ಬಿಸಾಕುತ್ತಾರೆ. ಆ ಸಂಖ್ಯೆಯಿಂದ ಕೊರೆಸಿದರೆ ಕಾರ್ಖಾನೆಯಿಂದ ಬಂದಾಗ ಇದ್ದ ಆಳವೇ ಮತ್ತೆ ಸಿಗುತ್ತದೆ. ಅದನ್ನು ಕಾರಿನೊಳಗೆ ಅಲ್ಲ, ಮನೆಯಲ್ಲಿ ಆರ್‌ಸಿ ಕಾಗದದ ಜೊತೆ ಇಡಬೇಕು.

ಬೇಕೆಂದೇ ಒಂದೇ ಚಾವಿ ಇಡುವ ಗಾಡಿಗಳೂ ಇವೆ. ರಸ್ತೆ ಕಾಮಗಾರಿಯ ಜೆಸಿಬಿಯಂಥ ಯಂತ್ರಗಳಲ್ಲಿ ಮತ್ತು ಎಷ್ಟೋ ಟ್ರ್ಯಾಕ್ಟರ್‌ಗಳಲ್ಲಿ ಒಂದು ಕಂಪನಿಯ ಬಹುತೇಕ ಯಂತ್ರಗಳಿಗೆ ಒಂದೇ ಚಾವಿ ನಡೆದುಕೊಂಡು ಬಂದಿದೆ. ಕೆಲಸದ ಜಾಗದಲ್ಲಿ ಡ್ರೈವರ್ ಬದಲಾದರೂ ಯಂತ್ರ ನಿಲ್ಲಬಾರದು ಎಂಬುದು ಅದರ ಹಿಂದಿನ ವಿಚಾರ. ಅಮೆರಿಕದಲ್ಲಿ ಪೊಲೀಸ್ ಇಲಾಖೆಗಳು ತಮ್ಮ ಇಡೀ ಕಾರುಪಡೆಗೆ ಒಂದೇ ಚಾವಿ ಕೇಳಿ ಪಡೆದದ್ದುಂಟು. ಹೊಲದಲ್ಲಿ ಟ್ರ್ಯಾಕ್ಟರ್ ಬಿಟ್ಟು ಬರುವ ನಮ್ಮ ರೈತರು ಇದನ್ನು ತಿಳಿದಿರಬೇಕು. ಅಲ್ಲಿ ಚಾವಿ ತೆಗೆದುಕೊಂಡು ಬಂದೆ ಎಂಬುದು ಸಾಲದು. ಬ್ಯಾಟರಿಯ ಸಂಪರ್ಕ ಕಡಿಯುವ ಗುಪ್ತ ಸ್ವಿಚ್ ಹಾಕಿಸುವುದು ಕಡಿಮೆ ಖರ್ಚಿನಲ್ಲಿ ಆಗುವ ಒಳ್ಳೆಯ ಕೆಲಸ.

ಚಿಪ್ ಬಂದ ಮೇಲೆ

ಲೋಹದ ಚಾವಿಯ ಈ ಮಿತಿಯನ್ನು ಕಾರು ತಯಾರಕರು ಮೊದಲಿನಿಂದಲೂ ಬಲ್ಲರು. ಉತ್ತರ ಬಂದದ್ದು ಎಲೆಕ್ಟ್ರಾನಿಕ್ಸ್ ಕಡೆಯಿಂದ. ಇಮೊಬಿಲೈಸರ್ ಎನ್ನುವ ಈ ವ್ಯವಸ್ಥೆಯಲ್ಲಿ ಚಾವಿಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿ ಬೇಡ. ಇಗ್ನಿಷನ್ ರಂಧ್ರದ ಸುತ್ತ ತಾಮ್ರದ ತಂತಿಯ ಸುರುಳಿ ಇದೆ, ಚಾವಿ ಹಾಕಿ ತಿರುಗಿಸಿದಾಗ ಅದು ಸುಮಾರು 125 ಕಿಲೋಹರ್ಟ್ಜ್ ತರಂಗ ಹೊಮ್ಮಿಸುತ್ತದೆ, ಆ ತರಂಗದಿಂದಲೇ ಚಿಪ್ ಶಕ್ತಿ ಪಡೆದು ಎಚ್ಚರಗೊಳ್ಳುತ್ತದೆ.

ಎಚ್ಚರಗೊಂಡ ಮೇಲೆ ನಡೆಯುವುದು ಒಂದು ಪರೀಕ್ಷೆ. ಮೇಷ್ಟ್ರು ಪ್ರತಿ ಸಲ ಹೊಸ ಅಂಕಿ ಕೊಟ್ಟು, ತಾನೂ ವಿದ್ಯಾರ್ಥಿಯೂ ಮಾತ್ರ ಬಲ್ಲ ಸೂತ್ರದಿಂದ ಉತ್ತರ ಕೇಳಿದ ಹಾಗೆ, ಕಾರಿನ ಕಂಪ್ಯೂಟರ್ ಒಂದು ಯಾದೃಚ್ಛಿಕ ಸಂಖ್ಯೆ ಕಳಿಸುತ್ತದೆ. ಚಿಪ್ ತನ್ನೊಳಗಿನ ಗುಪ್ತಸಂಖ್ಯೆ ಸೇರಿಸಿ ಲೆಕ್ಕ ಮಾಡಿ ಉತ್ತರ ಕೊಡುತ್ತದೆ. ಗುಪ್ತಸಂಖ್ಯೆ ಗಾಳಿಯಲ್ಲಿ ಎಂದೂ ಹಾಯುವುದಿಲ್ಲ. ಉತ್ತರ ಸರಿಯಿದ್ದರೆ ಮಾತ್ರ ಇಂಧನಕ್ಕೂ ಕಿಡಿಗೂ ಅಪ್ಪಣೆ. ತಪ್ಪಿದ್ದರೆ ಸ್ಟಾರ್ಟರ್ ತಿರುಗಿದರೂ ಎಂಜಿನ್ ಹತ್ತುವುದಿಲ್ಲ, ಇಲ್ಲವೇ ಹತ್ತಿ ಕ್ಷಣದಲ್ಲೇ ಆರುತ್ತದೆ, ಮೀಟರ್ ಫಲಕದಲ್ಲಿ ಚಾವಿಯ ಗುರುತಿನ ದೀಪ ಮಿಣುಕುತ್ತದೆ.

ಹಳೆಯದೊಂದು ಚಿಪ್‌ನಲ್ಲಿ ಈ ಗುಪ್ತಸಂಖ್ಯೆ 40 ಬಿಟ್‌ನದು. ಅಂದರೆ ಒಂದು ಲಕ್ಷ ಕೋಟಿಗೂ ಹೆಚ್ಚು ಸಾಧ್ಯತೆಗಳು. ಸಾವಿರದ ಲೆಕ್ಕಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಪಕ್ಕದ ಮನೆಯವರ ಚಾವಿ ಆಕಸ್ಮಿಕವಾಗಿ ನಮ್ಮ ಕಾರನ್ನು ಚಾಲೂ ಮಾಡಿತು ಎಂಬುದು ಇಲ್ಲಿ ನಡೆಯುವ ಮಾತಲ್ಲ. ಬುದ್ಧಿವಂತರು ಕಂಪ್ಯೂಟರ್ ಹಿಡಿದು ಬೇಕೆಂದೇ ಒಡೆಯುವುದು ಬೇರೆ ವಿಷಯ. ಆ 40 ಬಿಟ್‌ನ ಚಿಪ್ ಅನ್ನು 2005ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಸಹೋದ್ಯೋಗಿಗಳ ಜೊತೆ ಸೇರಿ ಒಡೆದು ತೋರಿಸಿದರು. ಈಚಿನ ಚಿಪ್‌ಗಳಲ್ಲಿ 128 ಬಿಟ್‌ನ ಗುಪ್ತಸಂಖ್ಯೆಗಳು ಬಂದಿವೆ.

ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇಮೊಬಿಲೈಸರ್ ಕಡ್ಡಾಯವಾಯಿತು. ನಮ್ಮಲ್ಲಿ ಮಾರುತಿ ಇದನ್ನು ಐಕ್ಯಾಟ್ಸ್ ಎಂಬ ಹೆಸರಿನಲ್ಲಿ ಕೊಡುತ್ತ ಬಂದಿದೆ. ಈ ಚಿಕ್ಕ ಚಿಪ್ ಇರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ವ್ಯತ್ಯಾಸ ಎಂಬುದನ್ನು ಅಮೆರಿಕ ಈಚೆಗೆ ನೋವಿನಿಂದ ಕಲಿತಿತು. ಅಲ್ಲಿ ಕಡ್ಡಾಯ ಇರಲಿಲ್ಲ. 2015ರ ಮಾದರಿಗಳಲ್ಲಿ ಬೇರೆ ಕಂಪನಿಗಳ ಶೇ 96ರಷ್ಟು ಕಾರುಗಳಲ್ಲಿ ಇಮೊಬಿಲೈಸರ್ ಇದ್ದರೆ, ಆ ದೇಶದಲ್ಲಿ ಮಾರಿದ ಹ್ಯುಂಡೈ ಮತ್ತು ಕಿಯಾಗಳಲ್ಲಿ ಇದ್ದದ್ದು ಶೇ 26ರಷ್ಟರಲ್ಲಿ. 2021ರ ನಂತರ ಹುಡುಗರು ಸಾಮಾಜಿಕ ಜಾಲತಾಣದಲ್ಲಿ ವಿಡಿಯೋ ನೋಡಿ ಅಂಥ ಕಾರುಗಳನ್ನು ಸಾಲುಸಾಲಾಗಿ ಕದ್ದರು, ಕೆಲವರು ಅಪಘಾತಗಳಲ್ಲಿ ಸತ್ತರು. ಕೆಲವೇ ಡಾಲರ್ ಉಳಿಸಲು ಹೋಗಿ ಇಷ್ಟಾಯಿತು ಎಂದು ನೆನೆದರೆ ಸಂಕಟವಾಗುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಎಸಿ ತಣ್ಣಗಿದೆಯೇ ಎಂದು ಎಲ್ಲರೂ ಕೇಳುತ್ತಾರೆ, ಇಮೊಬಿಲೈಸರ್ ಇದೆಯೇ ಎಂದು ಕೇಳುವವರು ತೀರಾ ಕಡಿಮೆ.

ರಿಮೋಟ್‌ನ ವಿಷಯವನ್ನು ಬೇಗ ಹೇಳಬಹುದು. ಒಳ್ಳೆಯ ರಿಮೋಟ್ ಪ್ರತಿ ಸಲ ಗುಂಡಿ ಒತ್ತಿದಾಗಲೂ ಹೊಸ ಸಂಕೇತ ಕಳಿಸುತ್ತದೆ, ಜೊತೆಗೆ ತನ್ನ ಗುರುತಿನ ಸಂಖ್ಯೆಯನ್ನೂ ಕಳಿಸುತ್ತದೆ. ಕಾರು ತನಗೆ ಗೊತ್ತಿರುವ ಗುರುತು ಇದ್ದರೆ ಮಾತ್ರ ಕಿವಿಗೊಡುತ್ತದೆ, ಹಳೆಯ ಸಂಕೇತ ಮತ್ತೆ ಬಂದರೆ ತಿರಸ್ಕರಿಸುತ್ತದೆ. ಹಾಗಾಗಿ ಒಬ್ಬರ ರಿಮೋಟ್‌ಗೆ ಇನ್ನೊಬ್ಬರ ಕಾರು ತೆರೆಯುವುದಿಲ್ಲ. ಕಂಪನಿಯಿಂದ ರಿಮೋಟ್ ಬಾರದ ಕಾರಿಗೆ ಆಮೇಲೆ ಹೊರಗೆ ಹಾಕಿಸುವ ಸೆಂಟ್ರಲ್ ಲಾಕ್ ಕಿಟ್‌ಗಳ ಬಗ್ಗೆ ಈ ಭರವಸೆ ಕೊಡಲಾಗದು. ಅಗ್ಗದ ಕೆಲವು ಕಿಟ್‌ಗಳಲ್ಲಿ ಸಂಕೇತ ಬದಲಾಗುವುದೇ ಇಲ್ಲ. ಹಾಕಿಸುವ ಮುನ್ನ ‘ರೋಲಿಂಗ್ ಕೋಡ್ ಅದ ಏನ್ರಿ?’ ಎಂದು ಕೇಳುವುದು ಲೇಸು.

ಗುಂಡಿ ಒತ್ತಿ ಚಾಲೂ ಮಾಡುವ ಕಾರುಗಳಲ್ಲಿ ಚಾವಿ ಜೇಬಿನಲ್ಲೇ ಇರುತ್ತದೆ. ಅಲ್ಲಿ ಬೇರೆಯವರ ಚಾವಿ ಹೊಂದುತ್ತದೆ ಎಂಬ ಭಯವಿಲ್ಲ, ಇರುವುದು ನಮ್ಮದೇ ಚಾವಿಯ ತರಂಗವನ್ನು ಕಳ್ಳರು ದೂರದಿಂದ ಎಳೆದು ಕಾರಿಗೆ ಮುಟ್ಟಿಸುತ್ತಾರೆ ಎಂಬ ಭಯ. ಜ್ಯೂರಿಕ್‌ನ ಇಟಿಎಚ್ ಸಂಶೋಧಕರು 2011ರಲ್ಲಿ ಎಂಟು ಕಂಪನಿಗಳ ಹತ್ತು ಮಾದರಿಗಳ ಮೇಲೆ ಇದನ್ನು ಪ್ರಯೋಗಿಸಿ ಹತ್ತರಲ್ಲೂ ಗೆದ್ದಿದ್ದರು. ರಾತ್ರಿ ಚಾವಿಯನ್ನು ಬಾಗಿಲಿನ ಪಕ್ಕದ ಮೊಳೆಗೆ ನೇತುಹಾಕದೆ ಒಳಕೋಣೆಯಲ್ಲಿ, ಮುಚ್ಚಳ ಬಿಗಿಯಾದ ತಗಡಿನ ಡಬ್ಬಿಯಲ್ಲಿ ಇಡಿ. ಇಂಥ ಹೊಸ ಚಾವಿಗಳ ತಲೆಯೊಳಗೂ ತುರ್ತಿಗೆಂದು ಒಂದು ಲೋಹದ ಪಟ್ಟಿ ಅಡಗಿರುತ್ತದೆ. ಬಾಗಿಲಿನ ಮಟ್ಟಿಗೆ ಹಳೆಯ ಲೆಕ್ಕವೇ ಅದಕ್ಕೂ ಅನ್ವಯಿಸುತ್ತದೆ.

ಚಾವಿಯೇ ಇಲ್ಲದೆ ಫೋನ್‌ನಿಂದ ತೆರೆಯುವ ಕಾರಿನಲ್ಲೂ ಒಮ್ಮೆ ಅಪರೂಪದ ಅದಲುಬದಲು ನಡೆದಿದೆ. 2023ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಒಬ್ಬರು ತಮ್ಮ ಫೋನಿನ ಆ್ಯಪ್‌ನಿಂದ ಟೆಸ್ಲಾ ತೆರೆದು, ಮಕ್ಕಳನ್ನು ಕರೆತರಲು ಹೊರಟ ಮೇಲೆ ಅದು ಬೇರೆಯವರ ಕಾರು ಎಂದು ತಿಳಿಯಿತು. ಎರಡೂ ಬಿಳಿ ಕಾರುಗಳೇ.

ಇನ್ನು ಕಾನೂನು. ಸೇಡಂ ರಸ್ತೆಯ ಆ ಹಿರಿಯರನ್ನು ಜನ ಕಳ್ಳ ಎಂದರು. 1 ಜುಲೈ 2024ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 303ರ ಪ್ರಕಾರ ಕಳವು ಎನಿಸಬೇಕಾದರೆ ಅಪ್ರಾಮಾಣಿಕ ಉದ್ದೇಶ ಇರಬೇಕು. ತನ್ನದೇ ಎಂದು ನಂಬಿ ಬಾಗಿಲು ತೆರೆದವನಲ್ಲಿ ಅದು ಇಲ್ಲ. ಯಾರದೋ ಚಾವಿ ನಿಮ್ಮ ಕಾರಿಗೆ ತಿರುಗಿದರೆ ಮೊದಲು ಅವರ ಕಾರು ಹತ್ತಿರದಲ್ಲಿದೆಯೇ ನೋಡಿ, ಆಮೇಲೆ ನಿಮ್ಮ ಚಾವಿಯನ್ನು ಅವರ ಕಾರಿಗೂ ಹಾಕಿ ನೋಡಿ. ಎರಡು ನಿಮಿಷದಲ್ಲಿ ಸತ್ಯ ಗೊತ್ತಾಗುತ್ತದೆ, ಒಬ್ಬರ ಮರ್ಯಾದೆ ಉಳಿಯುತ್ತದೆ. ಹಾಗೆ ತಿರುಗಿದ್ದು ಖಾತ್ರಿಯಾದರೆ ಲಾಕ್ ಸವೆದಿರಬಹುದು ಎಂದು ತಿಳಿದು ಹೊಸ ಲಾಕ್ ಸೆಟ್ ಹಾಕಿಸುವುದು ಒಳ್ಳೆಯದು. ಗಾಡಿ ಓಡುತ್ತಿರುವಾಗಲೇ ಇಗ್ನಿಷನ್‌ನಿಂದ ಚಾವಿ ಹೊರಗೆ ಬರುತ್ತಿದ್ದರೆ ಅಂಥ ಖಾತ್ರಿಗಾಗಿ ಕಾಯಲೂ ಬೇಡಿ.

ಕಾರು ನಿಜವಾಗಿ ಕಳುವಾದಾಗ ವಿಮಾ ಕಂಪನಿಗಳು ಎರಡೂ ಮೂಲ ಚಾವಿಗಳನ್ನು ಕೇಳುತ್ತವೆ. ಒಂದು ಇಲ್ಲವೆಂದರೆ, ನೀವೇ ಯಾರಿಗೋ ಕೊಟ್ಟಿರಬೇಕು ಅಥವಾ ಕಾರಿನಲ್ಲೇ ಬಿಟ್ಟಿರಬೇಕು ಎಂಬ ಅನುಮಾನದಿಂದ ಕ್ಲೇಮ್ ಎಳೆದಾಡುತ್ತದೆ. ಎರಡನೆಯ ಚಾವಿ ಕಳೆದಾಗಲೇ ಪೊಲೀಸರಿಗೆ ದೂರು ಕೊಟ್ಟು ಸ್ವೀಕೃತಿ ಪತ್ರ ಇಟ್ಟುಕೊಂಡವರು ಆಗ ಪಾರಾಗುತ್ತಾರೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎರಡೂ ಚಾವಿ ಕೈಗೆ ಬರದೆ ಪೂರ್ತಿ ಹಣ ಕೊಡಬಾರದು. ಬಂದ ಮೇಲೂ ಮಾಡಬೇಕಾದ ಒಂದು ಕೆಲಸವಿದೆ. ಇಮೊಬಿಲೈಸರ್ ಇರುವ ಕಾರಿನ ಕಂಪ್ಯೂಟರ್‌ನಲ್ಲಿ ಯಾವ ಯಾವ ಚಾವಿಗೆ ಅಪ್ಪಣೆ ಇದೆ ಎಂಬುದು ದಾಖಲಾಗಿರುತ್ತದೆ, ಹಳೆಯ ಮಾಲಕರು ಎಂದೋ ಮಾಡಿಸಿದ ಮೂರನೆಯ ಚಾವಿಯೂ ಅದರಲ್ಲಿ ಇರಬಹುದು. ಸರ್ವಿಸ್ ಸೆಂಟರ್‌ನವರು ಸ್ಕ್ಯಾನರ್ ಹಚ್ಚಿ ಹಳೆಯದನ್ನೆಲ್ಲ ಅಳಿಸಿ, ಕೈಯಲ್ಲಿರುವ ಚಾವಿಗಳನ್ನು ಮಾತ್ರ ಹೊಸದಾಗಿ ಸೇರಿಸಿ ಕೊಡುತ್ತಾರೆ. ಹೋಗುವಾಗ ಮನೆಯಲ್ಲಿರುವ ಎಲ್ಲ ಚಾವಿಗಳನ್ನೂ ಒಯ್ಯಬೇಕು. ಅಂದು ಬಿಟ್ಟುಹೋದ ಚಾವಿಗೆ ಬಾಗಿಲು ತೆರೆಯುತ್ತದೆ, ಎಂಜಿನ್ ಮಾತ್ರ ಹತ್ತುವುದಿಲ್ಲ.